‘ಚೆನ್ನಾಗಿದೀನಿ’ ಅಂದರೆ ಬರ್ಕೊಂಡು ಬರಬೇಡಿ: ಫ್ಲೋರೈಡ್ ಊರುಗಳ ಕೆಲಸ ಕಲಿಸಿದ್ದು

ಕುಡಿಯುವ ನೀರಿನ ಪರೀಕ್ಷೆ, ಫ್ಲೋರೋಸಿಸ್ (ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ ಮೈಗೆ ಅತಿಯಾಗಿ ಸೇರಿ ಹಲ್ಲು, ಮೂಳೆ, ಕೀಲು ಕೆಡಿಸುವ ಕಾಯಿಲೆ) ಸಮೀಕ್ಷೆ ನನ್ನ ಕೆಲಸ. ಪಾವಗಡ, ಬಾಗೇಪಲ್ಲಿ ಕಡೆಯ ಊರುಗಳಲ್ಲೇ ಹೆಚ್ಚು ಓಡಾಟ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವ ಮಾತು: ‘ಆರೋಗ್ಯದ ತೊಂದರೆ ಏನಾದರೂ ಇದೆಯಾ?’ ಅಂತ ಕೇಳಿ, ‘ಇಲ್ಲ’ ಅಂತ ಬರ್ಕೊಂಡು ಮುಂದಿನ ಮನೆಗೆ ಹೋಗಬೇಡಿ.

ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು, ಕೂಲಿ ಕೆಲಸ. “ಏನೂ ಇಲ್ಲಣ್ಣ, ಚೆನ್ನಾಗೇ ಇದೀನಿ” ಅಂದರು. “ಅಕ್ಕ, ಗದ್ದ ಎದೆಗೆ ತಾಗಿಸಿ ನೋಡೋಣ” ಅಂದೆ. ತಾಗಲಿಲ್ಲ. ಮಂಡಿ ಮಡಚದೆ ಕಾಲ್ಬೆರಳು ಮುಟ್ಟುವುದಕ್ಕೂ ಆಗಲಿಲ್ಲ. ಕೈಗಳನ್ನು ಪಕ್ಕಕ್ಕೆ ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ ಅಂದರೆ ಬೆರಳು ಕಿವಿಯ ಹತ್ತಿರವೇ ನಿಂತವು. “ಈ ವಯಸ್ಸಿಗೆ ಎಲ್ಲಾರ್ಗೂ ಹಿಂಗೇ ಅಲ್ವಾ?” ಎಂದು ನನ್ನನ್ನೇ ಕೇಳಿದರು. ಸುಳ್ಳೇನೂ ಹೇಳಿರಲಿಲ್ಲ ಅವರು. ಅಕ್ಕಪಕ್ಕದ ಮನೆಯವರೆಲ್ಲ ಹಾಗೇ ಬಗ್ಗಲಾರದೆ ಇದ್ದರೆ ನೋವು ವಯಸ್ಸಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. (ಈ ಮೂರು ಪರೀಕ್ಷೆ ಫ್ಲೋರೋಸಿಸ್ಸಿನ ಮೊದಲ ಸುಳಿವಿಗಷ್ಟೇ. ಖಾತ್ರಿಯಾಗಬೇಕಾದರೆ ಮೂತ್ರದ ಫ್ಲೋರೈಡ್ ಪರೀಕ್ಷೆ, ಎಕ್ಸ್‌ರೇ ಬೇಕು.)

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಇದೇ ವಿಚಾರ ಬರೆದಿದ್ದರು. ಕೇರಳದಲ್ಲಿ ಆಯಸ್ಸು ಹೆಚ್ಚು, ನನಗೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವವರೂ ಹೆಚ್ಚು. ಬಿಹಾರದಲ್ಲಿ ಆಯಸ್ಸು ಕಡಿಮೆ, ಹೇಳಿಕೊಳ್ಳುವವರೂ ಕಡಿಮೆ. ಜನರ ಬಾಯಿಮಾತನ್ನೇ ನಂಬಿ ಹಣ ಹಂಚಿದರೆ ಓದು, ಆಸ್ಪತ್ರೆ ಎರಡೂ ಇಲ್ಲದ ಊರಿಗೆ ಏನೂ ಸಿಗುವುದಿಲ್ಲ. ನೆಮ್ಮದಿಯಾಗಿದ್ದೇನೆ ಎನ್ನುವವರ ಮಾತಿಗೆ ಗೌರವ ಕೊಡಬೇಕು, ನಿಜ. ಆದರೆ ಅದನ್ನೇ ಆರೋಗ್ಯದ ಅಳತೆ ಮಾಡಿಕೊಂಡರೆ ಅನ್ಯಾಯಕ್ಕೆ ಒಗ್ಗಿಕೊಂಡವರಿಗೇ ಮತ್ತೆ ಅನ್ಯಾಯ.

ಹಾಗಂತ ಲ್ಯಾಬ್ ರಿಪೋರ್ಟಿನ ಅಂಕಿಯೊಂದೇ ಸಾಕು ಅಂತಲೂ ಅಲ್ಲ. ನಮ್ಮ ದೇಶದ ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಬಿಐಎಸ್‌ನ ಕುಡಿಯುವ ನೀರಿನ ಮಾನದಂಡದಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಆಗಬಹುದು. 1.4 ಬಂದರೆ ರಿಪೋರ್ಟ್ ‘ಪಾಸ್’. ಫ್ಯಾನಿನ ಕೆಳಗೆ ಕೂತು ದಿನಕ್ಕೆ 2 ಲೀಟರ್ ಕುಡಿಯುವ ನನ್ನ ಮೈಗೆ ಆ ನೀರಿನಿಂದ 2.8 ಮಿಲಿಗ್ರಾಂ ಸೇರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೂಲಿ ಕೆಲಸಕ್ಕೆ ಹೋಗಿ 6 ಲೀಟರ್ ಕುಡಿಯುವವರಿಗೆ 8.4. ಮಿತಿ ಇಬ್ಬರಿಗೂ ಒಂದೇ, ವಿಷದ ಪಾಲು ಮೂರುಪಟ್ಟು. ಆ ಅಕ್ಕನ ಮನೆಯಲ್ಲಿ ಎಮ್ಮೆಯೂ ಇತ್ತು, ಹಾಲು ಪೂರ್ತಿ ಡೇರಿಗೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡಿನ ಹಾವಳಿ ಜಾಸ್ತಿ.

ಅದಕ್ಕೇ ನಮ್ಮ ಫಾರ್ಮಿನಲ್ಲಿ ದಿನಕ್ಕೆಷ್ಟು ಚೊಂಬು ನೀರು, ಎಂಥ ಕೆಲಸ, ಅಡುಗೆಗೆ ಯಾವ ನೀರು ಎಂಬ ಕಾಲಂ ಸೇರಿಸಿಕೊಂಡೆವು. ಕೊನೆಯದು ಬಹಳ ಮುಖ್ಯ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನು ಕುಡಿಯಲಿಕ್ಕೆ ಮಾತ್ರ. ಮುದ್ದೆ, ಅನ್ನ, ಸಾರು ಎಲ್ಲಕ್ಕೂ ನಲ್ಲಿಯ ಬೋರ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇನ್ನು 20 ಲೀಟರಿನ ಕ್ಯಾನು ಹೊರಲು ಗಾಡಿ ಇರಬೇಕು, ಇಲ್ಲವೇ ರಟ್ಟೆಯಲ್ಲಿ ಬಲವಿರಬೇಕು. ಸೊಂಟ ಬಗ್ಗದವರಿಗೇ ಆ ನೀರು ದೂರ.

ನೀರು ಇಷ್ಟು ಕೆಟ್ಟದ್ದರಲ್ಲಿ ಕಲ್ಲಿನ ಪಾಲೂ ಇದೆ, ನಮ್ಮ ನೀತಿಯ ಪಾಲೂ ಇದೆ. ಗ್ರಾನೈಟ್ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ತೆರೆದ ಬಾವಿಗಳು ಬತ್ತಿ, ಕೆರೆಗಳು ಹೂಳು ತುಂಬಿ, ಕೊಳವೆಬಾವಿ ಆಳಕ್ಕೆ ಹೋದಂತೆ ಅಂಥ ನೀರೇ ಮೇಲೆ ಬರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರೈತರಿಗೆ ಅದು ಬೇಕು, ಅಲ್ಲ ಎನ್ನಲಾರೆ. ಆದರೆ ಅಂತರ್ಜಲ ಎಲ್ಲರದು, ಅದನ್ನು ಎತ್ತಿದವರಲ್ಲಿ ಜಮೀನಿಲ್ಲದ ಈ ಕೂಲಿಯವರು ಇರಲಿಲ್ಲ. ಕೆರೆ ಹೂಳೆತ್ತುವುದು, ಇಂಗುಗುಂಡಿ, ಬೆಳೆ ಪದ್ಧತಿ ಇವೆಲ್ಲ ಕೃಷಿ ಇಲಾಖೆಯ ಕಡತದಲ್ಲೋ ಸಣ್ಣ ನೀರಾವರಿಯ ಕಡತದಲ್ಲೋ ಇದ್ದರೆ ಸಾಲದು, ಆರೋಗ್ಯದ ಸಭೆಯಲ್ಲೂ ಚರ್ಚೆಗೆ ಬರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಮೊದಲು ಯಾರಿಗೆ ಎಂಬ ವಾದ ನಮ್ಮ ತಂಡದಲ್ಲಿ ಇನ್ನೂ ನಡೆಯುತ್ತಿದೆ. ನೋವಲ್ಲಿರುವ ಹಿರಿಯರಿಗೆ ಅನ್ನುತ್ತಾರೆ ಕೆಲವರು. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ, ಅಂಗನವಾಡಿಗೆ, ಬಸುರಿ ಬಾಣಂತಿಯರಿಗೆ ಅನ್ನುತ್ತೇನೆ ನಾನು, ಅಡುಗೆಯ ನೀರೂ ಸೇರಿ. ಹಲ್ಲಿನ ಎನಾಮೆಲ್ ಕಟ್ಟುವುದು ಆ ವಯಸ್ಸಲ್ಲಿ, ಆಗ ಬಿದ್ದ ಕಲೆ ಮತ್ತೆ ಹೋಗುವುದಿಲ್ಲ. ಹಿರಿಯರಿಗೆ ನೀರಿನ ಜೊತೆಗೆ ಚಿಕಿತ್ಸೆ ಬೇಕು, ದುಡಿಯಲಾರದವರಿಗೆ ಅಂಗವಿಕಲರ ಪಿಂಚಣಿಯೂ ಬೇಕು. ಅದಕ್ಕೆ ಅವರ ಹೆಸರು ‘ತೊಂದರೆ ಇಲ್ಲ’ ಎಂಬ ಪಟ್ಟಿಯಿಂದ ಮೊದಲು ಹೊರಬರಬೇಕು.