ಸೊನ್ನೆ ಎಂದು ಬಂದ ವರದಿ

ಮಂಡ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಔಷಧ ನೀಡಿಕೆಯ ತಪ್ಪುಗಳ ಲೆಕ್ಕವನ್ನು ತಿಂಗಳ ಕೊನೆಗೆ ಗುಣಮಟ್ಟ ಸಮಿತಿಗೆ ಒಪ್ಪಿಸುವುದು ನನ್ನ ಪಾಲಿನ ಕೆಲಸ. ಆ ಬಾರಿ ಮೆಡಿಸಿನ್ ವಾರ್ಡಿನಿಂದ ಬಂದ ಹಾಳೆಯಲ್ಲಿ ಸೊನ್ನೆ ಇತ್ತು. ಹಿಂದಿನ ತಿಂಗಳೂ ಸೊನ್ನೆಯೇ. ಹಾಸಿಗೆಗಳೆಲ್ಲ ಭರ್ತಿಯಾಗಿದ್ದ ವಾರ್ಡಿನಲ್ಲಿ ಒಂದೂ ತಪ್ಪಾಗಿಲ್ಲವೆಂದರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು.

ಯಾರಾದರೂ ಬರೆದುಕೊಟ್ಟಾರೆಂದು ಕಾಯದೆ ಸುಳಿವು ಹಿಡಿದು ಹುಡುಕುವ ಕ್ರಮವೊಂದಿದೆ, ಅದನ್ನು ಟ್ರಿಗರ್ ಟೂಲ್ ಎನ್ನುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅತಿಯಾದಾಗ ವಿಟಮಿನ್ ಕೆ, ನೋವು ನಿವಾರಕ ಮಾರ್ಫಿನ್ ಅತಿಯಾದಾಗ ನಲೋಕ್ಸೋನ್, ರಕ್ತದ ಸಕ್ಕರೆ ಕುಸಿದಾಗ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಕೊಡುತ್ತಾರೆ. ಇಂಥವು ಸ್ಟೋರಿನಿಂದ ಹೊರಬಿದ್ದಿದ್ದರೆ ಅದರ ಹಿಂದೆ ಏನೋ ನಡೆದಿರುವ ಸಾಧ್ಯತೆಯಿದೆ. ಆ ವಾರ್ಡಿಗೆ ರಾತ್ರಿ ಹೊತ್ತು 25 ಪ್ರತಿಶತ ಡೆಕ್ಸ್‌ಟ್ರೋಸ್ ಹೋಗಿದ್ದ ಬಿಲ್ಲನ್ನು ಹಿಡಿದು ಕೇಸ್ ಶೀಟ್ ತೆಗೆಸಿದೆ. 7.30ಕ್ಕೆ ಇನ್ಸುಲಿನ್, ಪಕ್ಕದಲ್ಲಿ ಸಹಿ, 9.40ಕ್ಕೆ ಬೆವರು, ಮಂಪರು, ಗ್ಲೂಕೋಮೀಟರಿನಲ್ಲಿ ಸಕ್ಕರೆ ಬರೀ 48. ಎಲ್ಲವೂ ದಾಖಲಾಗಿತ್ತು, ಘಟನೆಯೆಂದು ಮಾತ್ರ ಯಾರೂ ಬರೆದಿರಲಿಲ್ಲ.

ರೋಗಿ ಇನ್ನೂ ವಾರ್ಡಿನಲ್ಲೇ ಇದ್ದರು. "ಮಗ ಊರಿಂದ ಮುದ್ದೆ ತತ್ತೀನಿ ಅಂದಿದ್ದ, ಬಸ್ಸು ಸಿಗ್ಲಿಲ್ವಂತೆ ಕಣಪ್ಪ. ಸೂಜಿ ಮಾತ್ರ ಟೈಮಿಗೆ ಚುಚ್ಚುದ್ರು" ಎಂದರು ಅಜ್ಜಿ. ಊಟವಿಲ್ಲದೆ ಇನ್ಸುಲಿನ್ ಬಿದ್ದಿದ್ದರಿಂದಲೇ ಸಕ್ಕರೆ ಕುಸಿದಿತ್ತು.

"ಡೋಸ್ ಸರಿಯಾಗೇ ಇತ್ತಲ್ಲ ಸರ್," ಎಂದರು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. "ಎರರ್ ಅಂತ ಬರೆದರೆ ಆ ಹುಡುಗಿಗೆ ಮೆಮೊ ಬರುತ್ತೆ." ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ನಮ್ಮ ನಮೂನೆಯ ಮೊದಲ ಕಾಲಮ್ಮೇ ತಪ್ಪು ಮಾಡಿದವರ ಹೆಸರು. ಅಷ್ಟು ಹೇಳಿ ಅವರು ಇನ್ಸುಲಿನ್ ಟ್ರೇ ಎಳೆದು ತೋರಿಸಿದರು. ಮಿಲಿಲೀಟರಿಗೆ 40 ಯೂನಿಟ್ಟಿನ ವಯಲ್‌ಗೆ ಬಳಸುವ ಕೆಂಪು ಮುಚ್ಚಳದ ಸಿರಿಂಜುಗಳ ನಡುವೆ, 100 ಯೂನಿಟ್ಟಿನದಕ್ಕೆ ಬಳಸುವ ಕಿತ್ತಳೆ ಮುಚ್ಚಳದವೂ ಬೆರೆತು ಬಂದಿದ್ದವಂತೆ; ಅವರೇ ಕಂಡು ಬೇರೆ ಮಾಡಿದ್ದರು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದಿದ್ದರೆ ರೋಗಿಯ ಮೈಸೇರುತ್ತಿದ್ದುದು ಎರಡೂವರೆ ಪಟ್ಟು. ಇಷ್ಟು ಒಳ್ಳೆಯ ಕೆಲಸವೂ ಯಾವ ವರದಿಯಲ್ಲೂ ಇರಲಿಲ್ಲ.

ತಪ್ಪುಗಳನ್ನು ಎ ಇಂದ ಐ ವರೆಗೆ ವಿಂಗಡಿಸುವ, ಅಮೆರಿಕದಲ್ಲಿ ರೂಪುಗೊಂಡು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಕ್ರಮದಲ್ಲಿ, ತಪ್ಪಿಗೆ ಆಸ್ಪದವಿದ್ದ ಆ ಟ್ರೇ ಎ ವರ್ಗಕ್ಕೆ ಸೇರುತ್ತದೆ. ತಾತ್ಕಾಲಿಕ ಹಾನಿಯಾಗಿ ಚಿಕಿತ್ಸೆ ಬೇಕಾದ ಅಜ್ಜಿಯ ಪ್ರಕರಣ ಇ ವರ್ಗಕ್ಕೆ. ಎರಡನ್ನೂ ನಾನೇ ದಾಖಲಿಸಿದೆ, ನರ್ಸ್ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ.

ಮುಂದಿನ ತಿಂಗಳು ಅದೇ ವಾರ್ಡಿನ ಸಂಖ್ಯೆ ಎರಡಂಕಿಗೆ ಏರಿತು. "ಇದೇನು, ವಾರ್ಡ್ ಕೆಟ್ಟಿತೇ?" ಎಂದು ಆಡಳಿತಾಧಿಕಾರಿಗಳು ಕೇಳಿದರು. ಬಹುಪಾಲು ರೋಗಿಯನ್ನು ತಲುಪುವ ಮೊದಲೇ ತಡೆದ ತಪ್ಪುಗಳು ಎಂದು ವರ್ಗವಾರು ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಐದು ವರ್ಷಗಳ ಗುರಿ ಇಟ್ಟಾಗಲೂ ಅರ್ಧಕ್ಕೆ ಇಳಿಸಬೇಕೆಂದದ್ದು ಔಷಧಗಳಿಂದಾಗುವ, ತಪ್ಪಿಸಬಹುದಾದ ಗಂಭೀರ ಹಾನಿಯನ್ನೇ ಹೊರತು ವರದಿಗಳನ್ನಲ್ಲ ಎಂದೆ. ಇನ್ಸುಲಿನ್ ಚಾರ್ಟಿನಲ್ಲಿ ಸಹಿಯ ಪಕ್ಕಕ್ಕೆ ಊಟ ಬಂದ ಸಮಯದ ಕಾಲಂ ಸೇರಿಸಲು ಅವರು ಅಲ್ಲೇ ಒಪ್ಪಿದರು. ಹೆಸರಿನ ಕಾಲಂ ತೆಗೆಯುವ ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ.