ನೂರಕ್ಕೆ ಅರವತ್ತು

"100 ರೂಪಾಯಿ ಬಂದರೆ 60 ಮಾತ್ರ ಬಂದಿದೆ ಅಂದುಕೊಂಡು ಮನೆ ನಡೆಸು."

ಮೊನ್ನೆ ಭಾನುವಾರ ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಮುಲುಂಡ್ ಸ್ಟೇಷನ್ ಕಡೆ ಹೊರಟ ಮೇಲೆ, ಅತ್ತಿಗೆ ಕನ್ನಡಕ ಹಾಕಿಕೊಂಡು, ತೀರಿಕೊಂಡ ಗಂಡ, ನಾವೆಲ್ಲ ಚೀಫ್ ಎನ್ನುತ್ತಿದ್ದ ನಿವೃತ್ತ ನಾವಿಕ, ಬರೆದಿಟ್ಟ ನೋಟ್‌ಬುಕ್ಕಿನ ಈ ಸಾಲನ್ನು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, "ಮೂರು ವರ್ಷದಿಂದ ಇವರು ಕೈ ಬಿಗಿ ಮಾಡಿದ್ದು ಇದಕ್ಕಾ? ನಾ ಏನೆಲ್ಲ ಅಂದುಬಿಟ್ಟೆ ತಮ್ಮಾ" ಎಂದರು. ವಾರವಿಡೀ ಕಿವಿಯಲ್ಲಿ ಅದೇ ಮಾತು.

ಲೆಕ್ಕ ಹೀಗೆ. ನಿವೃತ್ತ ಸೈನಿಕ ತೀರಿಕೊಂಡರೆ ಹೆಂಡತಿಗೆ ಮೊದಮೊದಲು ಸಿಗುವುದು ಹೆಚ್ಚಿನ ದರದ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದ ಶೇ. 50. ಆದರೆ ಅದು 7 ವರ್ಷ, ಇಲ್ಲವೇ ಗಂಡನಿಗೆ 67 ತುಂಬಬೇಕಿದ್ದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಆಮೇಲೆ ಸಾಮಾನ್ಯ ದರ, ಶೇ. 30. 67 ದಾಟಿದ ಮೇಲೆ ತೀರಿಕೊಂಡರೆ ನೇರವಾಗಿ ಶೇ. 30. ಗಂಡನ ಪಿಂಚಣಿ ಸಂಬಳದ ಅರ್ಧದಷ್ಟು, ಹಾಗಾಗಿ ಅವನಿದ್ದಾಗ 100 ಬರುತ್ತಿದ್ದ ಮನೆಗೆ ಹೆಚ್ಚುಕಡಿಮೆ 60. ಚೀಫ್ ಹುಟ್ಟಿದ್ದು 1955ರಲ್ಲಿ. 67 ತುಂಬಿದ ತಿಂಗಳಿನಿಂದಲೇ ಅವರು 60ರಲ್ಲಿ ಮನೆ ನಡೆಸಲು ಶುರು ಮಾಡಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಕುಮಟಾ ಕಡೆಯ ಹುಡುಗ, 1973ರಲ್ಲಿ ನೌಕಾಪಡೆ ಸೇರಿದವರು. ಲೋನಾವಳಾದ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿ, ಆಮೇಲೆ ಸ್ಟೋಕರ್, ಅಂದರೆ ಹಡಗಿನ ಬಾಯ್ಲರ್ ನೋಡಿಕೊಳ್ಳುವ ಕೆಲಸ. 1997ರಲ್ಲಿ ಚೀಫ್ ಪೆಟ್ಟಿ ಆಫೀಸರ್ ಆಗಿ ಹೊರಬಂದರು. ಹಡಗಿನಲ್ಲಿ ಆ ದರ್ಜೆಯವರನ್ನೆಲ್ಲ ಚೀಫ್ ಎಂದೇ ಕರೆಯುವುದು. ಹಡಗು ಬಿಟ್ಟ ಮೇಲೂ ನಮ್ಮ ಬಾಯಲ್ಲಿ ಆ ಹೆಸರೇ ಉಳಿಯಿತು. ಅವರ ಹೆಚ್ಚಿನ ಸರ್ವೀಸ್ ಕಳೆದದ್ದು ಲಿಯಾಂಡರ್ ಮಾದರಿಯ ಫ್ರಿಗೇಟ್ ಎಂಬ ಯುದ್ಧನೌಕೆಗಳ ಬಾಯ್ಲರ್ ರೂಮಿನಲ್ಲಿ. ಇದೇ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಆರು ಹಡಗುಗಳು ಅವು. ಮೊದಲನೆಯದಾದ ನೀಲಗಿರಿ ನೌಕಾಪಡೆಗೆ ಸೇರಿದ್ದು 1972ರಲ್ಲಿ. ಒಂದೊಂದರಲ್ಲೂ ಎರಡು ಬಾಯ್ಲರ್, ಅವುಗಳ ಹಬೆಯಿಂದ ತಿರುಗುವ ಎರಡು ಟರ್ಬೈನ್, 30,000 ಅಶ್ವಶಕ್ತಿ.

ಆ ಬಾಯ್ಲರಿನಲ್ಲಿ ಎಷ್ಟು ಹಬೆ ಹುಟ್ಟುತ್ತದೋ ಅದಕ್ಕೆ ಹೋಲಿಸಿದರೆ ಒಳಗೆ ನಿಂತಿರುವ ನೀರು ಬಹಳ ಕಡಿಮೆ. ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ಇಳಿಯಲು ಕ್ಷಣ ಸಾಕು. ಮಟ್ಟ ಕಣ್ಣಿಗೆ ಕಾಣದಷ್ಟು ಇಳಿದರೆ ಮೊದಲು ಬೆಂಕಿ ಆರಿಸಬೇಕು, ಕಾರಣ ಹುಡುಕುವುದು ಆಮೇಲೆ. ಇಲ್ಲದಿದ್ದರೆ ಟ್ಯೂಬ್ ಸುಟ್ಟು ಹೋಗುತ್ತದೆ. ಮಟ್ಟ ಏರಿದರೂ ಅಪಾಯ. ಹಬೆಯ ಜೊತೆ ನೀರು ಹೋಗಿ ಟರ್ಬೈನಿನ ಬ್ಲೇಡು ಮುರಿಯುತ್ತದೆ. ಹಬೆಯನ್ನು ಸಮುದ್ರದ ನೀರಿನಿಂದ ತಣಿಸಿ ಮತ್ತೆ ನೀರು ಮಾಡುವ ಕಂಡೆನ್ಸರಿನ ಒಂದು ಟ್ಯೂಬ್ ಸೋರಿದರೆ ಸಮುದ್ರದ ಉಪ್ಪು ಬಾಯ್ಲರಿಗೆ ಸೇರುತ್ತದೆ. ಅದಕ್ಕೇ ಆಗಾಗ ನೀರಿನ ಸ್ಯಾಂಪಲ್ ತೆಗೆದು ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡುವುದು. ಹಾಲಿನಂತೆ ಮಸುಕಾದರೆ ಉಪ್ಪು ಬಂದಿದೆ ಎಂದೇ ಅರ್ಥ. ಎಲ್ಲಕ್ಕಿಂತ ಭಯ ಸೂಪರ್‌ಹೀಟ್ ಆದ ಹಬೆಯದ್ದು. 450 ಡಿಗ್ರಿ ಆಸುಪಾಸಿನ ಆ ಹಬೆ ಸೋರಿದರೆ ಬೆಳ್ಳಗೆ ಹೊಗೆ ಏಳುವುದಿಲ್ಲ, ಕಣ್ಣಿಗೇ ಕಾಣುವುದಿಲ್ಲ. ಸಿಳ್ಳೆಯಂಥ ಸದ್ದು ಮಾತ್ರ ಕೇಳುತ್ತದೆ. ಪೊರಕೆಯ ಕೋಲನ್ನು ಮುಂದೆ ಹಿಡಿದು, ಅಂಗುಲ ಅಂಗುಲವಾಗಿ ಸವರುತ್ತಾ ಹುಡುಕಬೇಕು. ಕೈ ಮುಂದೆ ಚಾಚಿದವನ ಕೈ ಹೋಯಿತು.

ಇಂಥ ಜಾಗದಲ್ಲಿ ನಾಲ್ಕು ಗಂಟೆಯ ವಾಚ್, ಅಂದರೆ ಕಾವಲು ಪಾಳಿ. ವಾಚ್ ಬದಲಾಗುವುದಕ್ಕೆ ಕಾಲು ಗಂಟೆ ಮೊದಲೇ ಹೊಸಬ ಇಳಿದು ಬರಬೇಕು. ಬೇರಿಂಗು ಮುಟ್ಟಿ ಬಿಸಿ ನೋಡಬೇಕು, ಗ್ಲಾಸ್ ನೋಡಬೇಕು, ಲಾಗ್ ಓದಬೇಕು. ಬಿಟ್ಟು ಹೋಗುವವನು ಮೊದಲು ಹೇಳಬೇಕಾದದ್ದು ಏನು ಕೆಟ್ಟಿದೆ ಎಂದು. ಚೆನ್ನಾಗಿರುವುದನ್ನು ಯಂತ್ರವೇ ಹೇಳುತ್ತದೆ. ಹೊಸಬ "ತೆಗೆದುಕೊಂಡೆ" ಎನ್ನುವ ತನಕ ಹಳಬ ಏಣಿ ಹತ್ತುವಂತಿಲ್ಲ. ಚೀಫ್ ಈ ವಿಷಯದಲ್ಲಿ ಯಾರಿಗೂ ಸಡಿಲ ಬಿಟ್ಟವರಲ್ಲ.

ನೋಟ್‌ಬುಕ್ಕಿನ ಮೊದಲ ಪುಟದ ತಲೆಬರಹವೂ ಅದೇ: "ಕೆಟ್ಟಿರುವುದು".

ಬಾತ್‌ರೂಮಿನ ಕಾಕ್ ಬಿಗಿಯಾಗಿದೆ, ಜೋರು ಮಾಡಿದರೆ ಪೈಪ್ ತಿರುಚುತ್ತದೆ, ಪ್ಲಂಬರನ್ನೇ ಕರೆಸು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರು ಬೇಡ, ತಟ್ಟೆಗಳ ಮೇಲೆ ಉಪ್ಪು ಕಟ್ಟುತ್ತದೆ. ಎಂಸಿಬಿ ಪೆಟ್ಟಿಗೆಯಲ್ಲಿ ಮೂರನೆಯದರ ಮೇಲೆ ಅಂಟಿಸಿದ ಚೀಟಿ ತಪ್ಪು, ಅದು ಅಡುಗೆಮನೆಯದಲ್ಲ, ಗೀಸರಿನದು. ಹೀಗೆ ಹನ್ನೊಂದು. ಎಂಟನೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದು ತಾರೀಖು ಹಾಕಿದ್ದರು: "ನಿನ್ನ ಹೆಸರು".

ನಮ್ಮ ಕಡೆಯ ಎಷ್ಟೋ ಮನೆಗಳ ಕಷ್ಟ ಈ ಎಂಟನೆಯದು. ಮದುವೆಯಲ್ಲಿ ಅತ್ತೆಮನೆಯವರು ಹೊಸ ಹೆಸರಿಟ್ಟರು, ಸರ್ವೀಸ್ ದಾಖಲೆಗೆ ಅದೇ ಹೋಯಿತು. ಆಧಾರ್‌ನಲ್ಲಿ ತವರಿನ ಹೆಸರು. ಗಂಡ ಇರುವ ತನಕ ಈ ವ್ಯತ್ಯಾಸವನ್ನು ಯಾರೂ ನೋಡುವುದಿಲ್ಲ. ಸತ್ತ ಮರುದಿನ ಇಬ್ಬರು ಹೆಂಗಸರಾಗಿಬಿಡುತ್ತಾರೆ, ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ಬದುಕಿರುವಾಗ ಪಿಂಚಣಿದಾರನೇ ಅಫಿಡವಿಟ್ ಕೊಟ್ಟು, ತಿದ್ದುಪಡಿಯ ಪಿಪಿಓ (ಪಿಂಚಣಿ ಪಾವತಿ ಆದೇಶ) ತರಿಸಿಕೊಂಡರೆ ಮುಗಿಯಿತು. ಚೀಫ್ ಅದಕ್ಕಾಗಿ ಮಾನ್ಖುರ್ದಿನ ನೇವಲ್ ಪೆನ್ಷನ್ ಕಚೇರಿಗೆ ಎಷ್ಟು ಸಲ ಹೋದರೋ. ನೋಟ್‌ಬುಕ್ಕಿನಲ್ಲಿ ಮೂರು ತಾರೀಖು ಇವೆ.

ಎರಡನೆಯ ಪುಟದಲ್ಲಿ ಕ್ರಮ. ಮುನಿಸಿಪಾಲಿಟಿಯ ಟಿ ವಾರ್ಡ್ ಕಚೇರಿಯಿಂದ ಮರಣ ಪ್ರಮಾಣಪತ್ರದ ಹತ್ತು ಮೂಲಪ್ರತಿ ತೆಗೆದುಕೊ, ಜೆರಾಕ್ಸ್ ಎಲ್ಲ ಕಡೆ ನಡೆಯುವುದಿಲ್ಲ. ಸ್ಪರ್ಶ್‌ನಲ್ಲಿ (ಸೈನಿಕರ ಪಿಂಚಣಿಯ ವೆಬ್‌ಸೈಟ್) ಸಾವಿನ ಸುದ್ದಿ ಮೊದಲು ದಾಖಲಿಸು. ಖಾತೆ ಜಂಟಿಯಾಗಿದೆ, 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂದಿದೆ, ಮುಚ್ಚಿಸಬೇಡ. ತಿಂಗಳ ಕೊನೆಗೆ ನನ್ನ ಪಿಂಚಣಿ ಬಂದು ಬಿದ್ದರೆ ಮುಟ್ಟಬೇಡ. ಸತ್ತ ಮರುದಿನದಿಂದ ಲೆಕ್ಕ ಹಾಕಿ ವಾಪಸ್ ಹಿಡಿಯುತ್ತಾರೆ, ಆಗ ನಿನ್ನ ಕೈ ಖಾಲಿ ಇರಬಾರದು. ನಿನ್ನ ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ (ಬದುಕಿದ್ದೇನೆ ಎಂಬ ದಾಖಲೆ) ಕೊಡುವುದು ನಿನ್ನ ಕೆಲಸ. ಬೆರಳಚ್ಚು ಹಿಡಿಯದಿದ್ದರೆ ಕೈ ತೊಳೆದು, ಕೊಂಚ ಎಣ್ಣೆ ಸವರಿ ಒರೆಸಿ ಮತ್ತೆ ಇಡು.

ಬ್ಯಾಂಕಿನಲ್ಲಿ ಸೋಮವಾರ ಒಬ್ಬ ಹುಡುಗ, ಖಾತೆ ಮುಚ್ಚಿ ಹೊಸದು ತೆಗೆಯಲೇಬೇಕು ಎಂದು ಹಟ ಹಿಡಿದ. ಅತ್ತಿಗೆ ದನಿ ಏರಿಸಲಿಲ್ಲ, ಎರಡನೆಯ ಪುಟವನ್ನೂ ಪಾಸ್‌ಬುಕ್ಕನ್ನೂ ಅವನ ಮುಂದಿಟ್ಟರು. ಒಳಗೆ ಹೋಗಿ ಕೇಳಿ ಬಂದು, "ಇರಲಿ ಆಂಟಿ" ಎಂದ. ತಿಳಿಯದಿದ್ದರೆ ಕೇಳಿ ಬರುತ್ತೇನೆ ಎನ್ನಬೇಕು. ಗಂಡನನ್ನು ಕಳಕೊಂಡು ಹದಿನೈದು ದಿನವಾಗದವಳ ಮುಂದೆ ಹಟ ಮಾಡಬಾರದು.

ಹದಿಮೂರನೆಯ ದಿನ ಬಂದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ, ಚೀಫ್ ಯುದ್ಧಕ್ಕೆ ಹೋಗಿದ್ದರಾ ಎಂದು. ಅವರು ಸೇರಿದ್ದೇ 1971ರ ಯುದ್ಧ ಮುಗಿದ ಮೇಲೆ. ಡಿಸೆಂಬರ್ 4 ಬಂದರೆ ಆ ಯುದ್ಧದಲ್ಲಿ ನಮ್ಮ ನೌಕಾಪಡೆ ನಡೆಸಿದ ಕರಾಚಿ ದಾಳಿಯನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕು. ಚೀಫ್ ಮಾತ್ರ ಅದೇ ತಿಂಗಳ 9ನ್ನು ಮರೆತವರಲ್ಲ. ದಿಯು ಸಮೀಪ ಐಎನ್‌ಎಸ್ ಖುಕ್ರಿ ಟಾರ್ಪಿಡೊ ತಗುಲಿ ಮುಳುಗಿದ ದಿನ ಅದು. 18 ಅಧಿಕಾರಿಗಳು, 176 ನಾವಿಕರು ಹೋದರು. ಅವರಲ್ಲಿ ವಾಚ್ ಮೇಲೆ ಕೆಳಗಿದ್ದವರನ್ನು ಹೆಸರೆತ್ತದೆ ನೆನೆದು ಅಂದು ರಾತ್ರಿ ಊಟ ಬಿಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಗೇಜ್ ಗ್ಲಾಸ್ ನೋಡುತ್ತಾ ನಿಂತು, ಹಡಗನ್ನು ಸುರಕ್ಷಿತವಾಗಿ ದಡಕ್ಕೆ ತಂದು, ಮನೆಗೆ ಬಂದು ಮಕ್ಕಳನ್ನು ಓದಿಸಿದವನ ಬಗ್ಗೆ ಹೇಳಲು ಜನಕ್ಕೆ ಮಾತೇ ಇಲ್ಲ. ಇದು ನಿಜಕ್ಕೂ ಬೇಸರದ ವಿಷಯ.

ಮದುವೆಯಾದ ಹೊಸದರಲ್ಲಿ ಚೀಫ್ ಬರೆಯುತ್ತಿದ್ದ ಕಾಗದಗಳಿಗೆ ಮೂಲೆಯಲ್ಲಿ ನಂಬರ್ ಇರುತ್ತಿತ್ತು. ಬಂದರು ಮುಟ್ಟಿದಾಗ ಒಟ್ಟಿಗೆ ಅಂಚೆಗೆ ಬೀಳುವ ಕಾಗದಗಳು ಹಿಂದುಮುಂದಾಗಿ ತಲುಪುತ್ತವೆ. ಕುಮಟಾದಲ್ಲಿ 9 ಬಂದು 7 ಬರದಿದ್ದರೆ ಅತ್ತಿಗೆ 9ನ್ನು ಒಡೆಯದೆ ಕಾಯುತ್ತಿದ್ದರಂತೆ. ಆ ಕಟ್ಟು ಇನ್ನೂ ಇದೆ, ನಂಬರಿನ ಪ್ರಕಾರ.

100ರಲ್ಲಿ ಉಳಿದ 40 ಎಲ್ಲಿಗೆ ಹೋಯಿತು ಎಂದು ಮಗಳು ಕೇಳಿದಳು. ಅದೂ ಬರೆದಿತ್ತು, ಕೊನೆಯ ಪುಟದಲ್ಲಿ: ಅತ್ತಿಗೆಯ ಒಬ್ಬರದೇ ಹೆಸರಿನಲ್ಲಿ, ಆಧಾರ್‌ನಲ್ಲಿರುವ ಹೆಸರಿನಲ್ಲೇ, ಮೂರು ಫಿಕ್ಸೆಡ್ ಡಿಪಾಸಿಟ್. ಒಂದೇ ದೊಡ್ಡದು ಮಾಡದೆ ಮೂರು ಮಾಡಿದ್ದು, ತುರ್ತಿಗೆ ಒಂದನ್ನು ಮುರಿದರೆ ಉಳಿದೆರಡರ ಬಡ್ಡಿ ಕೆಡದಿರಲಿ ಎಂದು. ಅತ್ತಿಗೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮತ್ತೆ ಆ 60ರ ಸಾಲಿನ ಪುಟವನ್ನೇ ತೆರೆದು ಕೂತಿದ್ದರು. ದೀಪಾವಳಿಗೆ ಸೀರೆ ಬೇಡ ಎಂದಾಗ ಜಗಳವಾಡಿದ್ದೆ ಎಂದರು. ಇದ್ದದ್ದು ಹೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆನಲ್ಲ ಎಂದರು.

ಕೊನೆಯ ಪುಟದ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಒಂದರ ಮೇಲೆ ಚೀಫ್ ಸಹಿ ಇದೆ. ಇನ್ನೊಂದರ ಪಕ್ಕದಲ್ಲಿ "ವಹಿಸಿಕೊಂಡವರು" ಎಂದಿದೆ. ಮಗಳು ಪೆನ್ನು ಕೊಟ್ಟಳು. ಅತ್ತಿಗೆ ಮೊದಲ ಪುಟಕ್ಕೆ ತಿರುಗಿಸಿ, ಹನ್ನೊಂದರಲ್ಲಿ ಇನ್ನೂ ಹತ್ತು ಬಾಕಿ ಇವೆ ಎಂದರು. ಪ್ಲಂಬರ್ ಬುಧವಾರ ಬರುತ್ತಾನೆ.