ತಳಪಾಯದ ಫೋಟೋ

ಪಕ್ಕದ ಮನೆ ಅಕ್ಕ ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಕಟ್ಟಿಸ್ತಿದ್ದಾರೆ. ಇವತ್ತು ಅದರ ತಳಪಾಯಕ್ಕೆ ಜಿಪಿಎಸ್ ಮಾಡೋಕೆ, ಅಂದ್ರೆ ಜಾಗದ ಗುರುತಿನ ಜೊತೆ ಫೋಟೋ ತೆಗೆಯೋಕೆ, ಪಂಚಾಯ್ತಿಯಿಂದ ಬಂದಿದ್ದರು. ಫಲಾನುಭವಿಯೇ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಆಮೇಲೇನೇ ಬಿಲ್, ಅಂದ್ರೆ ಕಂತಿನ ದುಡ್ಡು.

ಅಕ್ಕ ಅಂಚಿನ ಸೀರೆ ಉಟ್ಟು ಬಂದರು. ಸೈಜುಗಲ್ಲಿನ ಮೇಲೆ ಪೂಜೆಯ ಅರಿಶಿನ ಇನ್ನೂ ಹಾಗೇ ಇತ್ತು. ಎಲ್ಲಿ ನಿಲ್ಲಲಿ ಅಂತ ಯಾರನ್ನೂ ಕೇಳಲಿಲ್ಲ. ನೇರವಾಗಿ ಒಂದು ಮೂಲೆಗೆ ಹೋಗಿ, "ಇಲ್ಲೇ ಅಡುಗೆಮನೆ, ಇಲ್ಲೇ ತೆಗಿಯಪ್ಪ" ಅಂದರು.

ನಂಗೆ ತುಂಬಾ ಖುಷಿಯಾಯ್ತು. ಮನೆ ಹೆಣ್ಣುಮಗಳ ಹೆಸರಿಗೆ ಬರೋದು ಈ ಯೋಜನೆಗಳಲ್ಲಿ ನಂಗೆ ಜಾಸ್ತಿ ಇಷ್ಟವಾಗೋ ವಿಷಯ.

ಆದರೆ ದುಡ್ಡಿನ ಲೆಕ್ಕ? ಹಳ್ಳಿ ಮನೆಗಳಿಗಿರೋ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಶುರುವಾದ 2016ರಲ್ಲಿ ಒಂದು ಮನೆಗೆ ಬಯಲುಸೀಮೆಯಲ್ಲಾದರೆ ಗೊತ್ತು ಮಾಡಿದ್ದು 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಆಗಿನ ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಈಗ ಎಲ್ಲಿದೆ ಹೇಳಿ? ಉಳಿದದ್ದು ಸಂಘದ ಸಾಲ, ಇಲ್ಲಾ ಕಿವಿಯೋಲೆ.

ಈ ಮೊತ್ತ ಏರಲೇಬೇಕು. ಗೋಡೆ ಎದ್ದ ಮೇಲೆ ಬಿಲ್ಲಿಗೆ ಕಾಯೋದು ತಪ್ಪಬೇಕು. ಅಕ್ಕನಿಗಂತೂ ಮಳೆ ಹಿಡಿಯೋದರೊಳಗೆ ಛಾವಣಿಯ ಮೋಲ್ಡ್ ಹಾಕಿಸಬೇಕು. ನಿಮ್ಮೂರಲ್ಲೂ ಅರ್ಧಕ್ಕೆ ನಿಂತ ಮನೆಗಳಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಸುಮ್ನೆ ಕೂರಬೇಡಿ.